ಕುರಿ ಬರಲಿಲ್ಲ

ನಮ್ಮ ಲಾಂಡ್ರಿಯ ಗೇಟು ದಾಟಿ ಒಳಗೆ ಬಂದರೆ ಎಡಗಡೆ ಗೋಡೆಯಲ್ಲಿ ಒಂದು ಹಲಗೆ ಕಾಣುತ್ತದೆ. ಅದರಲ್ಲಿ ಆನೆ, ಹಸು, ಮೊಲ, ಕುರಿ ಸಾಲಾಗಿ ನಿಂತಿವೆ. ಕೆಳಗೆ 'ಚಿತ್ರ ಸಂಕೇತ ವ್ಯವಸ್ಥೆ, ರೂಪಿಸಿದವರು: ವ್ಯವಸ್ಥಾಪಕರು' ಎಂದು ಬರೆದಿದೆ. ಸುಳ್ಳು. ಹಸಿ ಹಸಿ ಸುಳ್ಳು. ಆ ನಾಲ್ಕು ಪ್ರಾಣಿಗಳನ್ನು ಈ ಲಾಂಡ್ರಿಗೆ ಕರೆದುಕೊಂಡು ಬಂದವನು ನಾನು. ಅವುಗಳ ಕತ್ತು ಹಿಡಿದು ಆಚೆ ದಬ್ಬಿದವರು ಈ ವ್ಯವಸ್ಥಾಪಕರು. ಈ ಕಥೆಯಲ್ಲಿ ಹೀರೋ ಯಾರು ಎನ್ನುವ ಬಗ್ಗೆ ನನಗೂ ನಮ್ಮತ್ತೆಗೂ ಜಗಳ ಇದೆ. ವಿಲನ್ ಯಾರು ಎನ್ನುವುದರಲ್ಲಿ ಇಲ್ಲ.

ನಮ್ಮದು ಆಸ್ಪತ್ರೆಗಳ ಬಟ್ಟೆ ಒಗೆಯುವ ದೊಡ್ಡ ಲಾಂಡ್ರಿ. ಒಳಗೆ ಕಾಲಿಟ್ಟರೆ ಮೊದಲು ಆವಿ ಮುಖಕ್ಕೆ ಹೊಡೆಯುತ್ತದೆ, ಆಮೇಲೆ ಸೋಪಿನ ವಾಸನೆ, ಆಮೇಲೆ ನಮ್ಮತ್ತೆಯ ಬೈಗುಳ. ಆಳೆತ್ತರದ ಡ್ರಮ್ಮುಗಳ ನಾಲ್ಕು ಲೈನುಗಳಿವೆ, ಮೂರನೆಯದು ಅತ್ತೆಯದು. ಅತ್ತೆ ಅಂದರೆ ನಮ್ಮಪ್ಪನ ಅಕ್ಕ. ನನಗೆ ಇಲ್ಲಿ ಕೆಲಸ ಕೊಡಿಸಿದವಳೂ ಅವಳೇ, ಇರೋದಕ್ಕೆ ತನ್ನ ಮನೆಯ ಹಿಂದಿನ ಕೋಣೆ ಕೊಟ್ಟವಳೂ ಅವಳೇ, ಈ ಎರಡನ್ನೂ ದಿನಾ ಬೆಳಿಗ್ಗೆ ನೆನಪಿಸುವವಳೂ ಅವಳೇ. ಲಾಂಡ್ರಿಯಲ್ಲಿ ಎಲ್ಲರಿಗೂ ಅವಳು ಅಕ್ಕ. ಎದುರಿಗೆ ಅಕ್ಕ, ಬೆನ್ನ ಹಿಂದೆ ಸೈರನ್. ನನ್ನನ್ನು ಎಲ್ಲರೂ ಡೈಲಾಗ್ ಅಂತ ಕರೆಯುತ್ತಾರೆ, ಎದುರಿಗೂ ಬೆನ್ನ ಹಿಂದೆಯೂ.

ಮನೆಯಲ್ಲಿ ಅತ್ತೆಯ ದರ್ಬಾರು ಇನ್ನೂ ಜೋರು. ಕರೆಂಟ್ ಬಿಲ್ ಬಂದರೆ ನಾನು ಓದಿ ಹೇಳಬೇಕು. ಮಾತ್ರೆ ಪೊಟ್ಟಣ ತಂದರೆ ಯಾವುದು ಊಟಕ್ಕೆ ಮುಂಚೆ, ಯಾವುದು ಆಮೇಲೆ ಅಂತ ನಾನು ಓದಿ ಹೇಳಬೇಕು. ಕೇಳಿದರೆ ಕಣ್ಣು ಉರಿಯುತ್ತಿದೆ ಎನ್ನುತ್ತಿದ್ದಳು. ಅದೇ ಕಣ್ಣು ಟಿವಿಯ ಮುಂದೆ ಕೂತಾಗ ಉರಿಯುತ್ತಿರಲಿಲ್ಲ. ಪಕ್ಕದ ಮನೆಯವಳ ಸೀರೆಯ ಮೇಲಿನ ಕಲೆ ಕಿಟಕಿಯಿಂದಲೇ ಕಾಣುತ್ತಿತ್ತು. ಮಹಾರಾಣಿ ನನ್ನನ್ನು ಆಸ್ಥಾನದ ಗುಮಾಸ್ತನನ್ನಾಗಿ ಮಾಡಿಕೊಂಡಿದ್ದಾಳೆ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ.

ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದು ಕಂಪ್ಯೂಟರಿನ ಸಲುವಾಗಿ. ಅದಕ್ಕೆ ಮುಂಚೆ ಇಲ್ಲಿ ಕಂಪ್ಯೂಟರಿನ ಅಗತ್ಯವೇ ಇರಲಿಲ್ಲ, ಯಾಕೆಂದರೆ ಆಸ್ಪತ್ರೆಯಿಂದ ಬರುವ ಚೀಲಗಳಿಗೇ ಬಣ್ಣ ಇತ್ತು. ಆಪರೇಷನ್ ಬಟ್ಟೆಗೆ ಕೆಂಪು ಚೀಲ, ಹಾಸಿಗೆ ಬಟ್ಟೆಗೆ ಹಳದಿ, ಮಕ್ಕಳ ವಾರ್ಡಿನದಕ್ಕೆ ಹಸಿರು, ಉಣ್ಣೆ ಕಂಬಳಿಗೆ ನೀಲಿ. ಮಷೀನಿನಲ್ಲೂ ಅವೇ ಬಣ್ಣದ ನಾಲ್ಕು ಬಟನ್. ಕೆಂಪು ಒತ್ತಿದರೆ ಕುದಿಯುವ ನೀರು, ನೀಲಿ ಒತ್ತಿದರೆ ತಣ್ಣೀರು. ಆಮೇಲೆ ಮೇಲಿನವರಿಗೆ ಜ್ಞಾನೋದಯವಾಗಿ ಎಲ್ಲ ಚೀಲಗಳೂ ಬಿಳಿಯಾದವು. ಈಗ ಚೀಲದ ಮೇಲೆ ಗೆರೆ ಗೆರೆಯ ಒಂದು ಚೀಟಿ ಇರುತ್ತದೆ. ಅದನ್ನು ಯಂತ್ರಕ್ಕೆ ತೋರಿಸಿದರೆ, ಲೈನಿನ ಮೇಲೆ ತೂಗುಹಾಕಿರುವ ಕಪ್ಪು ಪರದೆಯಲ್ಲಿ ಒಳಗಿರುವುದು ಯಾವ ಬಟ್ಟೆ ಅಂತ ಹೆಸರು ಬರುತ್ತದೆ. ಹೆಸರು ಓದಿ ಬಟನ್ ಒತ್ತಬೇಕು. ಚೀಲ ಬಿಚ್ಚಿ ನೋಡುವ ಹಾಗಿಲ್ಲ. ಆಸ್ಪತ್ರೆಯ ಕೊಳೆ, ಕೈ ತಾಗಬಾರದು. ಚೀಲದ ಸಮೇತ ಡ್ರಮ್ಮಿಗೆ ಎಸೆಯುತ್ತಾರೆ, ನೀರು ತಾಗಿದ ಮೇಲೆ ಅದರ ಹೊಲಿಗೆ ತಾನಾಗಿ ಕರಗಿ ಬಾಯಿ ಬಿಡುತ್ತದೆ.

ಆ ಪರದೆಗಳು ಬಂದ ವಾರವೇ ಅತ್ತೆಗೆ ಬೆನ್ನು ಹಿಡಿದುಕೊಂಡಿತು. ಜನ್ಮದಲ್ಲಿ ರಜೆ ಹಾಕದ ಹೆಂಗಸು ಗೋಡೆ ಕಡೆ ತಿರುಗಿ ಮಲಗಿಬಿಟ್ಟಳು. ನಾನು ಲಾಂಡ್ರಿಯ ಮಹಡಿಯ ಗಾಜಿನ ಕೋಣೆಯಲ್ಲಿ ಕೂತು, ಸೈರನ್ ಇಲ್ಲದ ಆ ಶಾಂತಿಯಲ್ಲಿ, ನನ್ನ ಜೀವನದ ಅತ್ಯುತ್ತಮ ಕೆಲಸ ಮಾಡಿದೆ.

ಕಂಪ್ಯೂಟರಿನಲ್ಲಿ ತಮಾಷೆಗೆ ಅಂತಲೇ ಯಾರೋ ಪುಣ್ಯಾತ್ಮರು ಮಾಡಿಟ್ಟಿರುವ ಒಂದು ಸಣ್ಣ ಕಮಾಂಡ್ ಇದೆ. ಅದರ ಹೆಸರು ಟೈಪ್ ಮಾಡಿ, ಪಕ್ಕದಲ್ಲಿ ಒಂದು ಮಾತು ಬರೆದು ಎಂಟರ್ ಒತ್ತಿದರೆ ಸಾಕು, ಪರದೆಯ ಮೇಲೆ ಒಂದು ಹಸು ಬಂದು ನಿಂತು ಆ ಮಾತನ್ನು ಹೇಳುತ್ತದೆ. ತಲೆ ಮೇಲೆ ಗೆರೆಗಳ ಒಂದು ಗುಳ್ಳೆ, ಅದರೊಳಗೆ ಮಾತು. ಹಸು ಅಂದರೆ ಫೋಟೋ ಅಲ್ಲ, ಬಣ್ಣದ ಚಿತ್ರವೂ ಅಲ್ಲ. ಕೀಲಿಮಣೆಯಲ್ಲಿ ಇರುವ ಚಿಲ್ಲರೆ ಸಾಮಾನಿನಿಂದಲೇ ಅದರ ಮೈ: ಎರಡು ಸೊನ್ನೆ ಕಣ್ಣು, ಅಡ್ಡಗೆರೆ ಬೆನ್ನು, ನೆಟ್ಟಗೆರೆ ಕಾಲು, ಕೆಚ್ಚಲಿನ ಜಾಗದಲ್ಲಿ ಇಂಗ್ಲಿಷಿನ ಒಂದು ಡಬ್ಲ್ಯೂ. ಬೇಕಾದರೆ ಹಸುವಿನ ಬದಲು ಆನೆ ಬರುತ್ತದೆ, ಮೊಲ ಬರುತ್ತದೆ, ಕುರಿ ಬರುತ್ತದೆ. ಮೊದಲ ಸಲ ಅದನ್ನು ನೋಡಿದಾಗ ಅರ್ಧ ಗಂಟೆ ಒಬ್ಬನೇ ನಕ್ಕಿದ್ದೆ.

ಲೈನುಗಳ ಪರದೆಗೆ ಇದನ್ನೇ ಜೋಡಿಸಿದೆ. ಆಪರೇಷನ್ ಬಟ್ಟೆ ಬಂದರೆ ಆನೆ. ಹಾಸಿಗೆ ಬಟ್ಟೆಗೆ ಹಸು. ಮಕ್ಕಳ ವಾರ್ಡಿಗೆ ಮೊಲ. ಉಣ್ಣೆ ಕಂಬಳಿಗೆ, ಹೇಳಬೇಕಾಗಿಲ್ಲ, ಕುರಿ. ಕೆಳಗೆ ಬಟ್ಟೆಯ ಹೆಸರು, ಮೇಲೆ ಗುಳ್ಳೆಯಲ್ಲಿ ಒಂದು ಪಂಚಿಂಗ್ ಡೈಲಾಗ್. ಯಾವ ಸಿನಿಮಾದಿಂದಲೂ ಕದ್ದದ್ದಲ್ಲ, ಎಲ್ಲ ನನ್ನ ಸ್ವಂತ ಬರವಣಿಗೆ. ಆನೆ ಹೇಳುತ್ತಿತ್ತು: 'ನಾನು ನಡೆದ್ರೆ ನೆಲ ನಡುಗುತ್ತೆ, ನಿಂತ್ರೆ ಕಲೆ ನಡುಗುತ್ತೆ.' ಹಸು: 'ಹಾಲು ಕೊಡೋದೂ ಗೊತ್ತು, ಕೊಳೆ ಬಿಡಿಸೋದೂ ಗೊತ್ತು. ನಿಂಗ್ಯಾವುದು ಬೇಕು ಹೇಳು.' ಮೊಲ: 'ಸೈಜ್ ನೋಡಿ ಮಾತಾಡ್ಬೇಡ, ಸ್ಪೀಡ್ ನೋಡಿ ಮಾತಾಡು.' ಕುರಿ: 'ನನ್ನ ಉಣ್ಣೆ ಮುಟ್ಟೋಕೆ ಮುಂಚೆ ನಿನ್ನ ನೀರಿಗೆ ತಣ್ಣಗಾಗೋಕೆ ಹೇಳು.'

ಲಾಂಡ್ರಿ ಪೂರ್ತಿ ಬಿದ್ದು ಬಿದ್ದು ನಕ್ಕಿತು. ಒಂದನೇ ಲೈನಿನ ಸೋಡಾ ಮಾಮ, ಅವರ ಕನ್ನಡಕದ ಗಾಜು ಸೋಡಾ ಬಾಟಲಿಯ ತಳದಷ್ಟು ದಪ್ಪ, ದಿನಾ ಬೆಳಿಗ್ಗೆ ಬಂದು ಇವತ್ತು ನಮ್ಮಾನೆ ಏನಂತಪ್ಪಾ ಅಂತ ಕೇಳುವಷ್ಟಾಯಿತು. ವಾರ ಕಳೆದು ಅತ್ತೆ ಬೆನ್ನು ಹಿಡಿದುಕೊಂಡೇ ಬಂದಳು. ತನ್ನ ಲೈನಿನ ಮುಂದೆ ನಿಂತು ಪರದೆಯನ್ನು ಬಹಳ ಹೊತ್ತು ನೋಡಿದಳು. ನಾನು ಗಾಜಿಗೆ ಮೂಗು ಒತ್ತಿಕೊಂಡು ನಗುವಿಗೆ ಕಾಯುತ್ತಿದ್ದೆ. ನಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ಕೆಲಸಕ್ಕೆ ನಿಂತಳು. ಮರುದಿನವೂ ನಗಲಿಲ್ಲ, ಮರುವಾರವೂ ಇಲ್ಲ. ಎಂಥೆಂಥ ಡೈಲಾಗು ಬರೆದೆ ನಾನು. ಕಲ್ಲು ನಗಬೇಕು ಅಂಥವು. ಅವಳ ಮುಖದಲ್ಲಿ ಒಂದು ಗೆರೆ ಆಚೀಚೆ ಆಗಲಿಲ್ಲ. ಕಲಾವಿದನಿಗೆ ಇದಕ್ಕಿಂತ ದೊಡ್ಡ ಅವಮಾನ ಇದೆಯೇ?

ಆ ಸಿಟ್ಟಿಗೇ ಒಂದು ದಿನ ಚೇಷ್ಟೆ ಮಾಡಿದೆ. ಆ ಕಮಾಂಡಿನಲ್ಲಿ ಮನಸ್ಸಿಗೆ ಬಂದ ಪ್ರಾಣಿಯನ್ನು ಕರೆಸುವ ಒಂದು ದಾರಿ ಇದೆ, ಅದನ್ನು ಹಾಕಿಬಿಟ್ಟೆ. ಆಪರೇಷನ್ ಬಟ್ಟೆಗೆ ಮೊಲ ಬಂತು, ಕಂಬಳಿಗೆ ಆನೆ ಬಂತು. ಕೆಳಗಿನ ಹೆಸರು ಸರಿಯಾಗೇ ಇತ್ತಲ್ಲ, ಏನು ಮಹಾ ತೊಂದರೆ ಅಂದುಕೊಂಡೆ. ಎರಡನೇ ಲೈನಿನವನು ಕಂಬಳಿಗೆ ಆನೆ ಬಂದಿದೆ ನೋಡ್ರೋ ಅಂತ ಕೂಗಿ ನಕ್ಕ. ಸೋಡಾ ಮಾಮ ಒಂದು ಸ್ಟೂಲು ಎಳೆದು, ಅದರ ಮೇಲೆ ಹತ್ತಿ, ಪರದೆಗೆ ಮೂಗು ತಾಗಿಸಿ ನೋಡಲು ಶುರುಮಾಡಿದರು. ಅತ್ತೆ ಲೈನನ್ನೇ ನಿಲ್ಲಿಸಿದಳು. ಮಷೀನಿನ ಹೊಟ್ಟೆಯಲ್ಲಿ ಏನೋ ಸದ್ದು ಬರುತ್ತಿದೆ ಎಂದು ಕೆಳಗೆ ಎಲ್ಲರಿಗೂ ಹೇಳಿ, ಮೆಟ್ಟಿಲು ಹತ್ತಿ ಗಾಜಿನ ಕೋಣೆಗೆ ಬಂದು, ನನ್ನ ತಲೆಗೊಂದು ಕೊಟ್ಟಳು.

"ನನ್ನ ಪ್ರಾಣಿಗಳ ಜೊತೆ ಆಟ ಆಡ್ಬೇಡ, ಕೋತಿ. ಹೇಗಿದ್ವೋ ಹಾಗೆ ನಿಲ್ಸು."

ನನ್ನ ಪ್ರಾಣಿಗಳು ಅವಳವು ಯಾವಾಗ ಆದವು ಎಂದು ಕೇಳಬೇಕಿತ್ತು. ತಲೆ ಉರಿಯುತ್ತಿತ್ತು, ಕೇಳಲಿಲ್ಲ. ಹಾಗೆಯೇ ನಿಲ್ಲಿಸಿದೆ.

ಇನ್ನು ವಿಲನ್ ಎಂಟ್ರಿ. ಹಳೇ ಮ್ಯಾನೇಜರು ಹೋಗಿ ಹೊಸಬರು ಬಂದರು. ಪ್ಯಾಂಟಿನ ಮಡಿಕೆ ಎಷ್ಟು ಹರಿತವೆಂದರೆ ಪಕ್ಕದಲ್ಲಿ ಹಾದುಹೋದರೆ ಗಾಯವಾಗಬೇಕು. ಬಂದ ದಿನವೇ ಅವರಿಗೆ ಇಸ್ತ್ರಿ ಅಂತ ಹೆಸರು ಬಿತ್ತು. ಇಸ್ತ್ರಿಗೆ ಕೂಗಿ ಗೊತ್ತಿಲ್ಲ. ಮೆತ್ತಗೆ ಮಾತಾಡುತ್ತಾರೆ, ಪ್ರತಿ ಮಾತಿನ ಕೊನೆಗೆ ಮುಗುಳ್ನಗುತ್ತಾರೆ, ಆ ನಗು ನೋಡಿದವರು ತಮ್ಮ ತಪ್ಪೇನು ಅಂತ ಹುಡುಕಲು ಶುರುಮಾಡುತ್ತಾರೆ.

ಅವರು ಬಂದ ಸ್ವಲ್ಪ ದಿನಕ್ಕೆ ಒಂದು ದೊಡ್ಡ ಆಸ್ಪತ್ರೆಯ ಮೂವರು ಲಾಂಡ್ರಿ ನೋಡಲು ಬಂದರು. ಮೂವರೂ ಸೂಟು. ಇಸ್ತ್ರಿಯೂ ಸೂಟು. ನಾಲ್ಕು ಸೂಟುಗಳು ಆವಿಯಲ್ಲಿ ಬೇಯುತ್ತಾ ಬಂದು ಎರಡನೇ ಲೈನಿನ ಮುಂದೆ ನಿಂತಾಗ, ಯಾವ ಗ್ರಹಗತಿಯೋ, ಆನೆ ಬಂದು ಹೇಳಿತು: 'ಸೂಟು ಹಾಕಿದೋರೆಲ್ಲ ವಿಲನ್ ಅಲ್ಲ. ಆದ್ರೆ ವಿಲನ್ ಯಾವತ್ತೂ ಸೂಟಲ್ಲೇ ಬರ್ತಾನೆ.'

ಅದನ್ನು ನಾನು ಬರೆದದ್ದು ಯಾವ ಕಾಲದಲ್ಲೋ. ಬಂದವರಲ್ಲಿ ಒಬ್ಬರು ನಕ್ಕರು ಕೂಡ. ಆದರೆ ಇಸ್ತ್ರಿ ಮುಗುಳ್ನಕ್ಕರು.

ಅವರು ಹೋದ ಮೇಲೆ ನನ್ನನ್ನು ಕರೆಸಿ, ಇದು ಲಾಂಡ್ರಿಯೋ ಮೃಗಾಲಯವೋ ಎಂದು ಕೇಳಿದರು. ಪ್ರಾಣಿ ಇರುವುದರಿಂದ ಜನ ಪರದೆ ನೋಡುತ್ತಾರೆ, ಖುಷಿಯಾಗಿ ಕೆಲಸ ಮಾಡುತ್ತಾರೆ ಎಂದು ಹೇಳಿ ನೋಡಿದೆ. ಕೆಲಸದ ಜಾಗದಲ್ಲಿ ಘನತೆ ಇರಬೇಕು ಎಂದರು. ಘನತೆ ಎನ್ನುವಾಗ ತಮ್ಮ ಪ್ಯಾಂಟಿನ ಮಡಿಕೆ ನೇವರಿಸಿಕೊಂಡರು. ಇನ್ನು ಮುಂದೆ ಪರದೆಯ ಮೇಲೆ ಬಟ್ಟೆಯ ಹೆಸರು ದಪ್ಪ ಅಕ್ಷರದಲ್ಲಿ, ಬೇರೆ ಏನೂ ಇಲ್ಲ. ಈಗಲೇ. ಅವರೇ ನನ್ನ ಕುರ್ಚಿಯ ಹಿಂದೆ ನಿಂತಿದ್ದರು. ನಾನು ಒಂದೊಂದಾಗಿ ತೆಗೆದೆ. ಮೊದಲು ಮೊಲ, ಆಮೇಲೆ ಹಸು, ಆಮೇಲೆ ಆನೆ. ಕೊನೆಗೆ ಕುರಿ. ಹಿನ್ನೆಲೆಯಲ್ಲಿ ಪಿಟೀಲು ಇರಬೇಕಾದ ದೃಶ್ಯ. ಇದ್ದದ್ದು ಡ್ರೈಯರಿನ ಗುರ್ ಗುರ್ ಮಾತ್ರ.

ಮರುದಿನ ಬೆಳಿಗ್ಗೆ ಮೂರನೇ ಲೈನಿನಿಂದ ಕಂಬಳಿಗಳು ಹೊರಬಂದವು.

ಅವು ಆಸ್ಪತ್ರೆಯ ಹೊಸ ಉಣ್ಣೆ ಕಂಬಳಿಗಳು, ಇನ್ನೂ ಗಂಜಿ ವಾಸನೆ ಹೋಗಿರಲಿಲ್ಲ. ಕುದಿಯುವ ನೀರಲ್ಲಿ ಬಿದ್ದು ಬಂದಿದ್ದವು. ಒಂದೊಂದೂ ಕಾಲೊರಸಿನಷ್ಟಾಗಿತ್ತು, ರಟ್ಟಿನ ಹಾಗೆ ಸೆಟೆದುಕೊಂಡಿತ್ತು. ನೆಲದ ಮೇಲೆ ನಿಲ್ಲಿಸಿದರೆ ನಿಲ್ಲುತ್ತಿತ್ತು. ಯಾರೂ ನಗಲಿಲ್ಲ, ನಾನು ಕೂಡ. ಇಸ್ತ್ರಿ ಬಂದು ಒಂದನ್ನು ಎರಡು ಬೆರಳಲ್ಲಿ ಎತ್ತಿ ನೋಡಿ, ನಾಳೆ ಬೆಳಿಗ್ಗೆ ಎಲ್ಲರೂ ಊಟದ ಹಾಲಿನಲ್ಲಿ ಸೇರಬೇಕು ಎಂದರು. ಇಷ್ಟು ದಿನ ಇಲ್ಲಿ ನಡೆದ ಸರ್ಕಸ್ಸಿನ ಫಲ ಇದು ಎಂದರು.

ನನಗೆ ಮೈಯೆಲ್ಲ ಉರಿದುಹೋಯಿತು. ನನ್ನ ಪ್ರಾಣಿಗಳು ಇದ್ದಷ್ಟು ದಿನ ಒಂದು ಕರ್ಚೀಫು ಹಾಳಾಗಿರಲಿಲ್ಲ. ಅವು ಹೋದ ಮಾರನೇ ದಿನ ಇದು. ಆದರೂ ತಪ್ಪು ಅವುಗಳದ್ದೇ? ಅದಕ್ಕಿಂತ ಉರಿ ಅತ್ತೆಯ ಮೇಲೆ. ಇಷ್ಟು ದಿನ ಇಲ್ಲದ ತಪ್ಪನ್ನು ಮಾಡೋದಕ್ಕೆ ಅವಳಿಗೆ ಈ ದಿನವೇ ಬೇಕಿತ್ತಾ? ಸಂಜೆ ಪಾಳಿ ಮುಗಿದು ಎಲ್ಲರೂ ಕೈ ತೊಳೆಯಲು ಹೋದಾಗ ಮೂರನೇ ಲೈನಿಗೆ ಹೋದೆ. ಅತ್ತೆ ಮಷೀನಿಗೆ ಒರಗಿಕೊಂಡು ಖಾಲಿ ಪರದೆಯನ್ನು ನೋಡುತ್ತಿದ್ದಳು. ಬಾಯಿ ತುಂಬ ಬೈಗುಳ ತುಂಬಿಕೊಂಡು ಹೋಗಿದ್ದವನು ನಾನು. ಅವಳೇ ಮೊದಲು ಮಾತಾಡಿದಳು, ಸೈರನ್ನಿನ ಸದ್ದೇ ಇರಲಿಲ್ಲ.

"ಕುರಿ ಬರ್ಲಿಲ್ಲ ಕಣೋ. ಕಾದೆ. ಬರ್ಲೇ ಇಲ್ಲ."

"ಕುರಿ ಯಾಕೆ ಬೇಕು ಅತ್ತೆ? ಕಂಬಳಿ ಅಂತ ಇಷ್ಟು ದಪ್ಪಕ್ಕೆ ಬರೆದಿತ್ತಲ್ಲ."

ಅವಳು ನನ್ನನ್ನು ನೋಡಲಿಲ್ಲ. ಪರದೆಯನ್ನೂ ನೋಡಲಿಲ್ಲ. ಸೆರಗಿನಿಂದ ನೀಲಿ ಬಟನ್ ಒರೆಸತೊಡಗಿದಳು, ಅದರ ಮೇಲೆ ಧೂಳೇ ಇರಲಿಲ್ಲ.

ಕರೆಂಟ್ ಬಿಲ್ಲು, ಮಾತ್ರೆ ಪೊಟ್ಟಣ, ಉರಿಯುವ ಕಣ್ಣು, ಪರದೆ ಬಂದ ವಾರದ ಬೆನ್ನುನೋವು, ನನ್ನ ತಲೆಗೆ ಬಿದ್ದ ಏಟು. ಎಲ್ಲ ಒಟ್ಟಿಗೆ ಬಂದು ನನ್ನ ಎದುರು ನಿಂತವು. ನಾನು ಅಲ್ಲಿದ್ದ ಚೀಲದ ಗಾಡಿಯ ಮೇಲೆ ಕೂತುಬಿಟ್ಟೆ. ಇಷ್ಟು ತಿಂಗಳು ಒಂದೇ ಸೂರಿನ ಕೆಳಗಿದ್ದೆ, ಗೊತ್ತಾಗಿರಲಿಲ್ಲ. ಉಳಿದವರಿಗೆಲ್ಲ ಅಕ್ಷರ ಕೆಲಸ, ಪ್ರಾಣಿ ತಮಾಷೆ. ಅತ್ತೆಗೆ ಪ್ರಾಣಿಯೇ ಕೆಲಸ. ಅದು ಕಂಪನಿಯವರೇ ಮಾಡಿದ ಏರ್ಪಾಡು, ಎಲ್ಲರೂ ಅದನ್ನೇ ನೋಡಿ ಬಟನ್ ಒತ್ತುತ್ತಾರೆ ಎಂದೇ ಅವಳು ತಿಳಿದಿದ್ದಳು. ಕೆಳಗೆ ಬರೆದದ್ದು ಏನೋ ಆಫೀಸಿನವರ ಲೆಕ್ಕಕ್ಕೆ ಇರಬೇಕು ಅಂದುಕೊಂಡಿದ್ದಳಂತೆ.

ನಿಧಾನವಾಗಿ, ಬಟನ್ ಒರೆಸುತ್ತಲೇ ಹೇಳಿದಳು. ಚೀಲಕ್ಕೆ ಬಣ್ಣ ಇರುವವರೆಗೆ ಯಾರ ಹಂಗೂ ಇರಲಿಲ್ಲ. ಬಿಳಿ ಚೀಲ ಬಂದಾಗ ಕಥೆ ಮುಗಿಯಿತು ಅಂದುಕೊಂಡಳು.

"ಆವತ್ತು ವಾರ ಬಿಟ್ಟು ಬಂದೆನಲ್ಲ, ಕೆಲಸ ಬಿಡ್ತೀನಿ ಅಂತ ಹೇಳೋಕೇ ಬಂದಿದ್ದೆ ಕಣೋ. ನೋಡಿದ್ರೆ ಹಸು ನಿಂತಿತ್ತು."

ಸೋಡಾ ಮಾಮ ಯಾವ ಪ್ರಾಣಿಗೆ ಯಾವ ಬಟನ್ ಒತ್ತುತ್ತಾರೆ ಎಂದು ಒಂದು ಬೆಳಗ್ಗೆಯೆಲ್ಲ ಓರೆಗಣ್ಣಲ್ಲಿ ನೋಡಿ ಕಲಿತಳಂತೆ. ಶಾಲೆಗೆ ಯಾಕೆ ಹೋಗಲಿಲ್ಲ ಎಂದು ಕೇಳಿದೆ. ಕೇಳಬಾರದಿತ್ತು. ಆಗ ಸೈರನ್ ವಾಪಸ್ ಬಂತು.

"ನಿಮ್ಮಪ್ಪನ್ನ ಸೊಂಟದ ಮೇಲೆ ಇಟ್ಕೊಂಡು ತಿರುಗ್ತಿದ್ದೆ. ಅವನು ಇಳಿಯೋ ಹೊತ್ತಿಗೆ ಶಾಲೆ ಬಾಗಿಲು ಹಾಕಿತ್ತು. ಹೋಗಿ ಅವನನ್ನ ಕೇಳು."

ಮನೆಗೆ ಹೋಗುವ ದಾರಿಯಲ್ಲಿ ಒಂದೇ ಮಾತು ಹೇಳಿದಳು: ಇದು ಯಾರ ಕಿವಿಗಾದರೂ ಬಿದ್ದರೆ ನನ್ನನ್ನು ಆಪರೇಷನ್ ಬಟ್ಟೆಯ ಜೊತೆ ಡ್ರಮ್ಮಿಗೆ ಹಾಕುತ್ತಾಳೆ, ಕೆಂಪು ಬಟನ್ ಒತ್ತುತ್ತಾಳೆ. ಮೈಗಳ್ಳಿ ಅಂತ ಕೆಲಸದಿಂದ ತೆಗೆದರೂ ಪರವಾಗಿಲ್ಲ, ಅಕ್ಷರ ಬಾರದವಳು ಅನ್ನಿಸಿಕೊಳ್ಳುವುದಿಲ್ಲ. ಅವಳ ಹತ್ತಿರ ಇದ್ದದ್ದು ಆ ಕೆಲಸ ಒಂದೇ. ಅದು ಹೋಗುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು.

ನಾನು ಹಾಸಿಗೆಯಲ್ಲಿ ಬಿದ್ದುಕೊಂಡು ನಿರ್ಧಾರ ಮಾಡಿದೆ. ಇಂಥ ಹೊತ್ತಲ್ಲಿ ಹೀರೋ ಏನು ಮಾಡುತ್ತಾನೆ? ತಪ್ಪನ್ನು ತನ್ನ ತಲೆ ಮೇಲೆ ಹಾಕಿಕೊಂಡು, ಹಿಂದೆ ತಿರುಗಿ ನೋಡದೆ ನಡೆದು ಹೋಗುತ್ತಾನೆ. ಸ್ಲೋ ಮೋಷನ್. ಡೈಲಾಗು ಕೂಡ ರೆಡಿ ಮಾಡಿಕೊಂಡೆ.

ಊಟದ ಹಾಲಿನಲ್ಲಿ ಉದ್ದ ಮೇಜಿನ ಮೇಲೆ ಹಾಳಾದ ಕಂಬಳಿಗಳನ್ನು ಸಾಲಾಗಿ ಜೋಡಿಸಿದ್ದರು, ಪೊಲೀಸರು ಹಿಡಿದ ಮಾಲಿನ ಹಾಗೆ. ಲೈನಿನವರು, ಮಡಿಸುವವರು, ಗಾಡಿ ತಳ್ಳುವವರು, ಎಲ್ಲ ಗೋಡೆಗೆ ಒರಗಿ ನಿಂತಿದ್ದರು. ಇಸ್ತ್ರಿ ಮೆತ್ತಗೆ ಶುರುಮಾಡಿದರು. ಘನತೆ ಬಂತು, ಶಿಸ್ತು ಬಂತು, ಆಮೇಲೆ ಅತ್ತೆಯ ಕಡೆ ತಿರುಗಿದರು. ಪರದೆ ತುಂಬ ದಪ್ಪ ಅಕ್ಷರದಲ್ಲಿ ಬರೆದಿದ್ದನ್ನು ಕಣ್ಣೆತ್ತಿ ನೋಡದೆ ಬಟನ್ ಒತ್ತುವವರಿಗೆ ಈ ಲೈನಿನಲ್ಲಿ ಕೆಲಸ ಇಲ್ಲ, ಇವತ್ತೇ ಕೊನೆ ಎಂದರು. ಮುಗುಳ್ನಕ್ಕರು.

ನಾನು ಮುಂದೆ ಬಂದೆ. ತಪ್ಪು ಅವರದ್ದಲ್ಲ ಸಾರ್, ಪ್ರಾಣಿಗಳನ್ನು ತೆಗೆಯುವಾಗ ನಾನೇ ಏನೋ ಕೆಡಿಸಿದೆ, ಪರದೆ ತಪ್ಪು ಹೆಸರು ತೋರಿಸಿತು, ಶಿಕ್ಷೆ ಕೊಡುವುದಾದರೆ ಈ ಎದೆಗೆ ಕೊಡಿ ಎಂದೆ. ಎದೆ ತಟ್ಟಿಕೊಂಡೆ ಕೂಡ. ಇಸ್ತ್ರಿಯ ಮುಖ ಅರಳಿತು. ಅವರಿಗೆ ಬೇಕಾಗಿದ್ದದ್ದು ನಾನೇ.

"ಲೋ, ಸುಮ್ನೆ ನಿಂತ್ಕೊಳ್ಳೋ."

ಅತ್ತೆ ಗೋಡೆ ಬಿಟ್ಟು ಮೇಜಿನ ಹತ್ತಿರ ಬಂದಳು. ನನ್ನನ್ನು ಪಕ್ಕಕ್ಕೆ ತಳ್ಳಿದಳು. ಅವಳ ಕಣ್ಣಲ್ಲಿ ಇದ್ದ ಸಿಟ್ಟು ಇಸ್ತ್ರಿಯ ಮೇಲಿನದ್ದಲ್ಲ, ನನ್ನ ಮೇಲಿನದ್ದು.

"ನಾನು ಕೊಡಿಸಿದ ಕೆಲಸ ನನಗೇ ದಾನ ಮಾಡ್ತೀಯ? ಯಾವ ಸೀಮೆ ಹೀರೋನೋ ನೀನು?" ಆಮೇಲೆ ಇಸ್ತ್ರಿಯ ಕಡೆ ತಿರುಗಿದಳು. "ಇವನು ಸುಳ್ಳು ಹೇಳ್ತಾನೆ ಸಾರ್. ಪರದೆ ಸರಿಯಾಗೇ ತೋರಿಸ್ತು. ನಂಗೆ ಓದೋಕೆ ಬರಲ್ಲ."

ಇಸ್ತ್ರಿ ಏನೋ ಹೇಳಲು ಹೋಗಿ, ಹಾಗಾದರೆ ಇಷ್ಟು ತಿಂಗಳು ಹೇಗೆ ಮಾಡಿದಿರಿ ಎಂದು ಕೇಳಿದರು.

"ಆನೆ ಬಂದ್ರೆ ಕೆಂಪು. ಹಸು ಬಂದ್ರೆ ಹಳದಿ. ಮೊಲಕ್ಕೆ ಹಸಿರು, ಕುರಿಗೆ ನೀಲಿ. ಒಂದು ದಿನ ತಪ್ಪಿದ್ರೆ ತೋರ್ಸಿ, ಈಗ್ಲೇ ಹೋಗ್ತೀನಿ. ನೀವು ಪ್ರಾಣಿಗಳನ್ನ ತೆಗೆದ್ರಿ. ಆ ಜಾಗಕ್ಕೆ ಏನಿಟ್ರಿ?"

"ಅಕ್ಷರ ಇತ್ತಲ್ಲಮ್ಮ."

"ಇತ್ತು. ನಿಮಗಿತ್ತು."

ಎಷ್ಟು ಡೈಲಾಗು ಬರೆದಿದ್ದೇನೆ ನಾನು. ಎಷ್ಟು ಸಿನಿಮಾ ನೋಡಿದ್ದೇನೆ. ಎರಡೇ ಮಾತಲ್ಲಿ ಒಬ್ಬ ಮನುಷ್ಯನ ಇಸ್ತ್ರಿ ಕೆಡುವುದನ್ನು ಎಲ್ಲೂ ನೋಡಿರಲಿಲ್ಲ.

ಆದರೂ ಇಸ್ತ್ರಿ ಬಿಡಲಿಲ್ಲ. ಅಯ್ಯೋ ಪಾಪ, ನನಗೆ ಗೊತ್ತಿರಲಿಲ್ಲ, ಆದರೆ ಓದು ಬಾರದವರನ್ನು ಲೈನಿನಲ್ಲಿ ಹೇಗೆ ಇಟ್ಟುಕೊಳ್ಳಲಿ ಎಂದು ಶುರುಮಾಡಿದರು. ಆ ಅಯ್ಯೋ ಪಾಪ ಕೇಳಿ ಅತ್ತೆಯ ಕುತ್ತಿಗೆಯ ನರ ಎದ್ದಿತು. ಅವಳು ಬಾಯಿ ತೆರೆಯುವ ಮೊದಲು ಸೋಡಾ ಮಾಮ ಕನ್ನಡಕ ತೆಗೆದು ಅಂಗಿಯ ತುದಿ ಹಿಡಿದು ಒರೆಸುತ್ತಾ ಮುಂದೆ ಬಂದರು.

"ಸಾರ್, ನಾನು ಪೇಪರ್ ಪೂರ್ತಿ ಓದ್ತೀನಿ, ಜಾಹೀರಾತೂ ಬಿಡಲ್ಲ. ಆದ್ರೆ ಆ ಆವೀಲಿ ಕನ್ನಡಕ ಹಾಕಿದ್ರೆ ಮಂಜು, ತೆಗೆದ್ರೆ ಕತ್ತಲೆ. ನಿನ್ನೆಯಿಂದ ಸ್ಟೂಲು ಹತ್ತಿ ಇಳಿದು ಮಂಡಿ ಹೋಯ್ತು. ಅಷ್ಟು ದೂರಕ್ಕೆ ಕಾಣೋದು ಆನೆ ಒಂದೇ. ನಾನೂ ಅದನ್ನೇ ನೋಡ್ಕೊಂಡು ಒತ್ತೋದು. ನನ್ನನ್ನೂ ಕಳಿಸ್ತೀರಾ?"

ಎರಡನೇ ಲೈನಿನವನು ತನಗೆ ಕನ್ನಡಕ ಇಲ್ಲ, ಆದರೂ ಅಕ್ಷರಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಪ್ರಾಣಿಯೇ ಎಂದ. ನಾಲ್ಕನೆಯವಳು ಹೆಸರು ಓದುವುದನ್ನು ಬಿಟ್ಟು ತಿಂಗಳುಗಳೇ ಆದವು ಎಂದಳು. ಇಸ್ತ್ರಿ ನಾಲ್ಕು ಲೈನುಗಳನ್ನೂ, ಮೇಜಿನ ಮೇಲಿನ ಕಂಬಳಿಗಳನ್ನೂ ಒಂದು ಸಲ ನೋಡಿದರು. ಲೆಕ್ಕ ಅವರಿಗೆ ಬರುತ್ತದೆ. ಸಂಕೇತಗಳು ಇರಲಿ, ಆದರೆ ಗಂಭೀರವಾಗಿರಲಿ, ವೃತ್ತ, ತ್ರಿಕೋನ, ಹೀಗೆ ಎಂದರು. ತ್ರಿಕೋನದ ಮೈಮೇಲೆ ಉಣ್ಣೆ ಬೆಳೆಯುತ್ತದಾ ಎಂದು ಅತ್ತೆ ಕೇಳಿದಳು. ಗೋಡೆಗೆ ಒರಗಿದ್ದವರೆಲ್ಲ ನಕ್ಕರು. ನಗು ಪೂರ್ತಿ ನಿಲ್ಲುವವರೆಗೆ ಕಾದು ಇಸ್ತ್ರಿ ಹೇಳಿದರು: ಪ್ರಾಣಿಗಳು ಬರಲಿ. ಆದರೆ ಬಾಯಿ ಮುಚ್ಚಿಕೊಂಡು ಬರಲಿ. ಒಂದು ಮಾತೂ ಇರಕೂಡದು.

ಹಾಗೆ ಅತ್ತೆ ಮೂರನೇ ಲೈನಿನಲ್ಲಿ ಉಳಿದಳು. ಮರುವಾರ ಗೇಟಿನ ಹತ್ತಿರ ಆ ಹಲಗೆ ಬಂತು. ಮೇಲಿನವರು ಬಂದು ಇಸ್ತ್ರಿಯ ಕೈ ಕುಲುಕಿದರು. ನಾನು ಗಾಜಿನ ಕೋಣೆಯಿಂದ ನೋಡುತ್ತಿದ್ದೆ. ಮೂಕ ಆನೆ, ಮೂಕ ಹಸು. ಬರೆದವನ ಕೈ ಕಟ್ಟಿ, ಹೆಸರು ಬೇರೆಯವರಿಗೆ ಕೊಟ್ಟು, ಅದಕ್ಕೆ ಮೊಳೆ ಹೊಡೆದು ಗೋಡೆಗೆ ನೇತುಹಾಕುವುದು ಅಂದರೆ ಇದೇ.

ಆ ಸಂಜೆ ಅಡುಗೆಮನೆಯಲ್ಲಿ ಅತ್ತೆ ಟೀ ಸೋಸುತ್ತಿದ್ದಾಗ ಇದನ್ನೆಲ್ಲ ಹೇಳಿಕೊಂಡು ಗೋಳಾಡಿದೆ. ಹಲಗೆ ಹಾಳಾಗಿ ಹೋಗಲಿ, ಪ್ರಾಣಿಗಳ ಮಾತು ನಿಂತು ಹೋಯಿತಲ್ಲ ಎಂದೆ. ಅವಳ ಕೈಯಲ್ಲಿದ್ದ ಜರಡಿ ಅಲ್ಲೇ ನಿಂತಿತು.

"ಯಾವುದರ ಮಾತು?"

"ಪ್ರಾಣಿಗಳದ್ದು ಅತ್ತೆ. ತಲೆ ಮೇಲೆ ಗುಳ್ಳೆ ಬರ್ತಿರ್ಲಿಲ್ವಾ? ಅದ್ರೊಳಗೆ."

"ಅದು ಮಾತಾ? ಆವಿ ಅಂದ್ಕೊಂಡಿದ್ದೆ."

ಆವಿ. ನನ್ನ ಇಷ್ಟು ತಿಂಗಳ ಸಾಹಿತ್ಯ, ಆವಿ. ಆದರೆ ಒಳಗೆ ಒಂದು ಸಂತೋಷವೂ ಆಯಿತು. ಅವಳು ನಗದೇ ಇದ್ದದ್ದು ನನ್ನ ಡೈಲಾಗು ಸಪ್ಪೆ ಅಂತ ಅಲ್ಲ, ಓದಿರಲಿಲ್ಲ, ಅಷ್ಟೇ. ಎದ್ದು ನಿಂತು, ಅಡುಗೆಮನೆಯ ನಡುವೆ, ಎಲ್ಲವನ್ನೂ ಹೇಳಿದೆ. ಆನೆಯದ್ದು ಆನೆಯ ಗತ್ತಲ್ಲಿ, ಮೊಲದ್ದು ಮೊಲದ ಚುರುಕಲ್ಲಿ. ಸೂಟಿನದ್ದನ್ನು ಕೊನೆಗೆ ಇಟ್ಟುಕೊಂಡು, ಕಾಲರ್ ಎತ್ತಿ, ಹಣೆಯ ಮೇಲಿನ ಕೂದಲು ಊದಿ ಹೇಳಿದೆ. ಅತ್ತೆ ಟೀ ಲೋಟ ಹಿಡಿದು ಕೊನೆಯವರೆಗೂ ಕೇಳಿದಳು. ಮುಖದಲ್ಲಿ ಒಂದು ಗೆರೆ ಆಚೀಚೆ ಆಗಲಿಲ್ಲ.

"ಇಷ್ಟೇನಾ? ಓದದೇ ಇದ್ದದ್ದೇ ಒಳ್ಳೇದಾಯ್ತು ಬಿಡು."

ನಾನು ಎತ್ತಿದ್ದ ಕಾಲರ್ ಇಳಿಸಿದೆ. ಬೇಕಾದರೆ ಓದು ಕಲಿಸುತ್ತೇನೆ, ಆಮೇಲೆ ನೀನೇ ಓದಿ ನೋಡು, ಆಗ ಗೊತ್ತಾಗುತ್ತದೆ ಅದರ ಬೆಲೆ ಎಂದೆ. ಪರೀಕ್ಷೆಯಲ್ಲಿ ಎರಡೆರಡು ಸಲ ಮುಗ್ಗರಿಸಿದವನ ಹತ್ತಿರ ಪಾಠ ಹೇಳಿಸಿಕೊಳ್ಳುವಷ್ಟು ತನ್ನ ಗ್ರಹಚಾರ ಕೆಟ್ಟಿಲ್ಲ ಎಂದಳು. ಲೋಟ ತೊಳೆದು ಬೋರಲು ಹಾಕಿ, ಕೈ ಒರೆಸಿಕೊಂಡು, ಬಾಗಿಲವರೆಗೆ ಹೋದವಳು ನಿಂತಳು.

"ಕುರಿ ಹಾಗೆಲ್ಲ ಮಾತಾಡಲ್ಲ ಕಣೋ. ಕುರಿ ಹೇಳೋದು ಹೀಗೆ: 'ಬಿಸಿನೀರು ಹಾಕ್ತೀಯ? ಹಾಕು. ನಾಳೆ ನನ್ನನ್ನ ಹೊದ್ಕೊಂಡು ತೋರಿಸು.'"

ಮರುದಿನ ಗಾಜಿನ ಕೋಣೆಯ ಬಾಗಿಲು ಹಾಕಿಕೊಂಡು, ಮೂರನೇ ಲೈನಿನ ಪರದೆಗೆ ಮಾತ್ರ, ಕುರಿಯ ತಲೆ ಮೇಲೆ ಆ ಮಾತು ಬರೆದೆ. ಒಂದಕ್ಷರ ಹೆಚ್ಚು ಕಡಿಮೆ ಮಾಡಲಿಲ್ಲ. ಮೊದಲ ಕಂಬಳಿಯ ಚೀಲ ಬಂತು. ಎರಡನೇ ಲೈನಿನವನು ಅದನ್ನು ನೋಡಿ ಗಟ್ಟಿಯಾಗಿ ಓದಿದ. ಸೋಡಾ ಮಾಮ ನಕ್ಕು ನಕ್ಕು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಗಾಡಿ ತಳ್ಳುವವರು ಗಾಡಿ ಬಿಟ್ಟು ಬಂದು ನಕ್ಕರು. ನನ್ನ ಆನೆ ಇಷ್ಟು ಕಾಲ ಗಂಟಲು ಹರಿದುಕೊಂಡಿತಲ್ಲ, ಅದಕ್ಕೆ ಒಂದು ದಿನ ಇಂಥ ನಗು ಸಿಕ್ಕಿತ್ತಾ? ಇದು ನ್ಯಾಯವಾ? ಅತ್ತೆ ಕುರಿಯನ್ನು ನೋಡಿದಳು. ಅದರ ಮೇಲಿನ ಗುಳ್ಳೆಯನ್ನು ನೋಡಿದಳು, ಸ್ವಲ್ಪ ಹೊತ್ತು, ತುಟಿ ಅಲ್ಲಾಡಿಸುತ್ತಾ. ಆಮೇಲೆ ನೀಲಿ ಬಟನ್ ಒತ್ತಿದಳು.

ನಗು ಕೇಳಿ ಇಸ್ತ್ರಿ ಬಾಗಿಲಲ್ಲಿ ಬಂದು ನಿಂತರು. ಆವಿಯೊಳಗಿಂದ ಕಣ್ಣು ಕಿರಿದು ಮಾಡಿಕೊಂಡು, ಕುರಿಯ ತಲೆ ಮೇಲೆ ಏನದು ಎಂದು ಕೇಳಿದರು.

ಅತ್ತೆ ತಿರುಗಿಯೂ ನೋಡಲಿಲ್ಲ.

"ಆವಿ ಸಾರ್."